ನಮ್ಮ ಬಾಗಿಲಲ್ಲೇ ಉಳಿದ ಚೀಲ

ನನ್ನ ಹೆಂಡತಿ ತೀರಿಕೊಂಡ ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ, ನಾವು ಹೊರಗಿಟ್ಟಿದ್ದ ಕಸದ ಕರಿ ಚೀಲ ಹಾಗೆಯೇ ಇತ್ತು. ಆಚೀಚೆ ಮನೆಗಳ ಬಕೆಟ್ಟುಗಳು ಖಾಲಿಯಾಗಿದ್ದವು. ಮೊದಲ ಮೂರು ದಿನ ಕಸ ಹೊರಗಿಡುವುದು ನಮ್ಮಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಇಟ್ಟ ದಿನ ಹೀಗಾಯಿತು. ವಿಜಯಪುರದಿಂದ ಬಂದಿದ್ದ ನನ್ನ ಅಕ್ಕ ಗ್ಯಾಲರಿಯ ಕಂಬಿ ಹಿಡಿದು ಕೆಳಗೆ ಬಗ್ಗಿ ಕೂಗಿದಳು. "ಏ ಬಾಯೀ! ಇಲ್ಲಿ ಒಂದ ಮನಿ ಅದ, ಮರತಿ ನೋಡು!"

ಕಸ ಒಯ್ಯುವ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ವಿಕ್ರೋಳಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ಅವಳನ್ನು ಚಿಕ್ಕಮ್ಮ ಎಂಬರ್ಥದಲ್ಲಿ ಮಾವಶಿ ಎನ್ನುತ್ತಾರೆ. ಸೋಲಾಪುರದ ಕಡೆಯವಳು, ಮರಾಠಿಯಷ್ಟೇ ಕನ್ನಡವೂ ಬರುತ್ತದೆ. ನನ್ನ ಮುಖ ನೋಡಲಾರದೆ ಚೀಲವನ್ನೇ ನೋಡುತ್ತ ಹೇಳಿದಳು.

"ಮರತಿಲ್ರಿ ಕಾಕಾ. ಎಲ್ಲಾ ಮಿಕ್ಸ್ ಐತ್ರಿ. ಒಯ್ಯಾಕ ಬರಾಂಗಿಲ್ಲ."

"ಸತ್ತ ಮನಿ ಇದು. ಕಣ್ಣ ಕಾಣಂಗಿಲ್ಲೇನ ನಿನಗ?" ಎಂದಳು ಅಕ್ಕ.

"ಕಾಣ್ತದ್ರೀ ಆಯಿ. ಈ ಮನಿ ಅಕ್ಕಾರ ಕಡೀ ಜಳಕಕ್ಕ ಕೆಳಗಿಂದ ನೀರ ಹೊತ್ತಾಕಿ ನಾನ. ಆದ್ರ ಹಸಿ ಒಣಾ ಕೂಡಿದ ಚೀಲ ಯಾರ ಮನೀದಾದ್ರೂ ಬಾಗಲದಾಗ ಬಿಡು ಅಂತ ಅವ್ರ ಹೇಳ್ಯಾರ. ತಮ್ಮ ಮನಿ ಬ್ಯಾರೆ ಅಂತೇನ ಹೇಳಿಲ್ಲ."

ಈ ಗದ್ದಲ ಕೇಳಿ ಮೊದಲನೆಯ ಮಾಳಿಗೆಯಿಂದ ಸೊಸೈಟಿಯ ಚೇರ್ಮನ್ನರು ನಮ್ಮ ಎರಡನೆಯ ಮಾಳಿಗೆಗೆ ಬಂದರು. ಹದಿಮೂರು ದಿನವಾದರೂ ಹೋಗಲಿ, ದುಃಖದ ಮನೆ, ಇವರಿಗೊಂದು ಸವಲತ್ತು ಕೊಡು ಎಂದು ಮರಾಠಿಯಲ್ಲಿ ಹೇಳಿದರು. ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅಷ್ಟರಲ್ಲಿ ಗ್ಯಾಲರಿಯುದ್ದಕ್ಕೂ ಬಾಗಿಲುಗಳು ತೆರೆದಿದ್ದವು. ಜನ ನೋಡುತ್ತಿದ್ದದ್ದು ನನ್ನನ್ನಲ್ಲ, ಮಾವಶಿಯ ಕೈಯನ್ನು. ಅದು ಚೀಲ ಎತ್ತುತ್ತದೋ ಇಲ್ಲವೋ ಎಂದು. ಇವತ್ತು ನಮಗಾಗಿ ಎತ್ತಿದರೆ ನಾಳೆ ಒಬ್ಬರ ಮನೆಯಲ್ಲಿ ಬಾಣಂತಿ ಇರುತ್ತಾಳೆ, ನಾಡಿದ್ದು ಇನ್ನೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನನ್ನ ಹೆಂಡತಿ ಆರು ವರ್ಷ ಜಗಳಾಡಿ ಕಟ್ಟಿದ ಪದ್ಧತಿ ಅವಳ ಹೆಸರಿನಲ್ಲೇ ಮುರಿಯುತ್ತದೆ.

"ಆಕೀಗೆ ಏನೂ ಅನಬ್ಯಾಡ್ರಿ," ಎಂದು ನಾನು ಚೀಲ ಎತ್ತಿಕೊಂಡು ಒಳಗೆ ಬಂದೆ.

ಜಗಳ ಎಂದರೆ ನಿಜವಾದ ಜಗಳ. ನಮ್ಮ ಬಿಲ್ಡಿಂಗಿಗೂ ಹಿಂದಿನ ಬಿಲ್ಡಿಂಗಿಗೂ ನಡುವೆ ಒಬ್ಬರು ಅಡ್ಡಡ್ಡ ಸರಿಯುವಷ್ಟು ಸಂದಿಯಿದೆ. ಹೌಸ್ ಗಲ್ಲಿ ಎನ್ನುತ್ತಾರೆ. ಪೈಪುಗಳಿಗೆಂದು ಬಿಟ್ಟ ಜಾಗ. ಎರಡೂ ಕಡೆಯ ಅಡುಗೆಮನೆಯ ಕಿಟಕಿಗಳು ಅದರತ್ತಲೇ ತೆರೆಯುವುದರಿಂದ ಎರಡೂ ಕಡೆಯ ಕಸ ಅಲ್ಲೇ ಬೀಳುತ್ತಿತ್ತು. ಮಳೆಗಾಲದಲ್ಲಿ ಗಟಾರ ಕಟ್ಟಿಕೊಂಡು ತಳದ ಮನೆಗಳಿಗೆ ನೀರು ನುಗ್ಗುತ್ತಿತ್ತು. ನಾವು ಗಂಡಸರು ಪ್ರತಿ ವರ್ಷ ಅರ್ಜಿ ಬರೆಯುತ್ತಿದ್ದೆವು. ಕೂಲಿಯವರು ಬಂದು ತೆಗೆದು ಹೋಗುತ್ತಿದ್ದರು. ಎರಡು ವಾರದಲ್ಲಿ ಮತ್ತೆ ಮೊಳಕಾಲಿನವರೆಗೆ ಕಸ.

ನನ್ನ ಹೆಂಡತಿ ಅರ್ಜಿ ಬರೆಯಲಿಲ್ಲ. ಆರು ವರ್ಷದ ಹಿಂದಿನ ಮಳೆಗಾಲದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಛತ್ರಿ ತೆಗೆದುಕೊಂಡು ಗಲ್ಲಿಯ ತುದಿಯಲ್ಲಿ ಹೋಗಿ ಕುಳಿತಳು. ದಿನಾ ಹನ್ನೊಂದರಿಂದ ಒಂದರವರೆಗೆ, ಎಲ್ಲರ ಮನೆಯಲ್ಲೂ ಅಡುಗೆಯಾಗುವ ಹೊತ್ತು. ಏನಾದರೂ ಬಿದ್ದರೆ ಸಾಕು, ತಲೆಯೆತ್ತಿ ತನ್ನ ಹಿಂದಿಯಲ್ಲಿ ಕೂಗುತ್ತಿದ್ದಳು. "ತೀಸರಾ ಮಾಲಾ! ಆಜ್ ಮೇಥಿ ಹೈ ಕ್ಯಾ? ದಂಟು ಭೇಜಾ, ಪಲ್ಯ ಭೀ ಭೇಜೋ!" ಮೆಂತ್ಯದ ದಂಟು ಕಳಿಸಿದ ಮೂರನೆಯ ಮಾಳಿಗೆಯವರು ಪಲ್ಯವನ್ನೂ ಕಳಿಸಬೇಕಂತೆ. ಒಮ್ಮೆ ಛತ್ರಿಯ ಮೇಲೆ ಚಹಾದ ಚರಟ ಬಿತ್ತು. "ಅರೇ, ಮುಝೆ ಶುಗರ್ ಹೈ, ಬಿನಾ ಶಕ್ಕರ್ ಕಾ ಡಾಲೋ!" ಎಂದಳು, ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆಯಿಲ್ಲದ್ದು ಹಾಕಿ ಎಂದು. ಎರಡೂ ಬಿಲ್ಡಿಂಗುಗಳ ಕಿಟಕಿಗಳು ನಕ್ಕವು.

ನನಗೆ ನಾಚಿಕೆಯಾಗುತ್ತಿತ್ತು. ಕಂಪನಿಯ ಎರಡನೇ ಪಾಳಿಗೆ ಹೋಗುವಾಗ ಗಲ್ಲಿಯ ಮುಂದೆ ಹಾಯಬೇಕಾಗುತ್ತದೆಂದು ಸುತ್ತಿ ಬಳಸಿ ಹೋಗುತ್ತಿದ್ದೆ. "ಹೆಂತಿ ಕಸಾ ಕಾಯ್ತಾಳ ಅಂತ ಜನಾ ನಗತಾರ," ಎಂದು ಒಂದು ದಿನ ಅಂದೂ ಬಿಟ್ಟೆ. "ನಗಲ್ರಿ. ನಗೂವಾಗ ಎಸ್ಯಾಕ ಕೈ ಬರಂಗಿಲ್ಲ," ಎಂದಳು. ಆಗ ಪಟ್ಟ ನಾಚಿಕೆಗೆ ಈಗ ನಾಚಿಕೆಯಾಗುತ್ತದೆ.

ಆ ಮಳೆಗಾಲ ಕಳೆಯುವಷ್ಟರಲ್ಲಿ ಕಸ ಗಲ್ಲಿ ಬಿಟ್ಟು ಬಾಗಿಲಿಗೆ ಬಂತು. ಆದರೆ ಹಸಿ, ಒಣ, ಗಾಜು, ಎಲ್ಲ ಒಂದೇ ಚೀಲದಲ್ಲಿ. ಕೂಡಿದ ಕಸವನ್ನು ಮುನಿಸಿಪಾಲಿಟಿಯ ಗಾಡಿಯವರು ಮುಟ್ಟುವುದಿಲ್ಲವೆಂದು ಮಾವಶಿ ಗೇಟಿನ ಹತ್ತಿರ ಕುಳಿತು ಬರಿಗೈಯಿಂದ ಬೇರೆ ಮಾಡುತ್ತಿದ್ದಳು. ಒಂದು ದಿನ ಒಡೆದ ಬಲ್ಬಿನ ಗಾಜು ಅವಳ ಅಂಗೈಯನ್ನು ಸೀಳಿತು. ಹೊಲಿಗೆ ಹಾಕಿಸಲು ದವಾಖಾನೆಗೆ ಕರೆದೊಯ್ದವಳು ನನ್ನ ಹೆಂಡತಿ. ಮರುದಿನವೇ ಮನೆ ಮನೆಗೆ ಹೋಗಿ ಹೇಳಿ ಬಂದಳು. ಹಸಿ ಬೇರೆ, ಒಣ ಬೇರೆ. ಚುಚ್ಚುವುದು ಕೊಯ್ಯುವುದು ಏನಿದ್ದರೂ ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಗುರುತು. ಹಾಗಿಲ್ಲದಿದ್ದರೆ ಚೀಲ ಬಾಗಿಲಲ್ಲೇ. ಚೇರ್ಮನ್ನರ ಚೀಲವೂ ಎರಡು ಸಲ ಉಳಿಯಿತು. ಮಾವಶಿಯನ್ನು ಬಿಡಿಸಿ ಬೇರೆಯವರನ್ನು ಇಡೋಣ ಎಂದು ಅವರು ಮೀಟಿಂಗಿನಲ್ಲಿ ಮಾತೆತ್ತಿದಾಗ ನನ್ನ ಹೆಂಡತಿ ಎದ್ದು ನಿಂತು, ಹಾಗಾದರೆ ನಾಳೆಯಿಂದ ಕಸ ನಾನೇ ಒಯ್ಯುತ್ತೇನೆ, ನಿಮ್ಮ ಮನೆಯಿಂದಲೇ ಶುರು ಎಂದಿದ್ದಳು. ಮಾತು ಅಲ್ಲಿಗೆ ನಿಂತಿತು.

ಈಗ ಹಾಗೆ ಎದ್ದು ನಿಲ್ಲುವವಳು ಇಲ್ಲ. ಅದು ಗೊತ್ತಿದ್ದೂ ಮಾವಶಿ ನಮ್ಮ ಬಾಗಿಲಲ್ಲಿ ಚೀಲ ಬಿಟ್ಟಿದ್ದಳು. ಚೀಲ ಹಿಡಿದು ಒಳಗೆ ಬರುವಾಗ ನನ್ನ ಎದೆ ಉಬ್ಬಿತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ.

ಬಚ್ಚಲಲ್ಲಿ ಹಳೆಯ ಪೇಪರು ಹಾಸಿ ಚೀಲದ ಗಂಟು ಬಿಚ್ಚಿದೆ. ಅಕ್ಕ ಹಿಂದೆಯೇ ಬಂದಳು.

"ಸೂತಕದಾಗ ಕುಂತಾವ ಕಸಕ್ಕ ಕೈ ಹಾಕ್ತಿಯೇನೋ? ತಾ ಇಲ್ಲೆ. ಹಿಂದ ಅಷ್ಟ ದೊಡ್ಡ ಕಿಟಕಿ ಅದ, ಒಗದ ಬಿಡ್ತೀನಿ."

"ಅಕ್ಕಾ, ನಿನಗ ಕೈ ಮುಗೀತೀನಿ. ಈ ಮನ್ಯಾಗ ಆ ಕಿಟಕಿ ಹೆಸರ ತಗೀಬ್ಯಾಡ."

ಚೀಲದ ಬಾಯಲ್ಲಿ, ಕೆಳಗಿನ ಮನೆಯವರು ತಂದುಕೊಟ್ಟಿದ್ದ ಪಿಠಲಾ ಎಂಬ ಕಡಲೆಹಿಟ್ಟಿನ ಪಲ್ಯ, ಭಾಕರಿ ರೊಟ್ಟಿಯ ಚೂರುಗಳು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ನೆರೆಯವರು ತರುವ ಊಟ ಅದು. ನಡುವೆ ಥರ್ಮೋಕೋಲಿನ ತಟ್ಟೆ, ಚಹಾದ ಕಪ್ಪು, ಬಾಳೆ ಎಲೆ. ಅವಳ ಫೋಟೋಗೆ ಹಾಕಿ ಬಾಡಿದ ಚೆಂಡುಹೂವಿನ ಹಾರಗಳು. ಹೂವು ಹಸಿ, ದಾರ ಒಣ. ಅವಳು ಮಾಡುತ್ತಿದ್ದಂತೆ ದಾರ ಎಳೆದು ಹೂವನ್ನು ಬೇರೆ ಮಾಡುತ್ತ ಹೋದೆ. ತಳದಲ್ಲಿ ಅನ್ನವಿತ್ತು. ಅನ್ನದಲ್ಲಿ ಸೂಜಿಗಳಿದ್ದವು.

ಅವಳ ಇನ್ಸುಲಿನ್ ಸೂಜಿಗಳು. ಬೆಳಿಗ್ಗೆ ಸಂಜೆ ಚುಚ್ಚುತ್ತಿದ್ದವನು ನಾನೇ. "ಕಂಪನ್ಯಾಗ ಮಶೀನಿಗೆ ಎಣ್ಣಿ ಬಿಟ್ಟಂಗ ಬಿಡ್ತೀರಲ್ರಿ," ಎಂದು ನಗುತ್ತಿದ್ದಳು. ಮುಗಿದ ಸೂಜಿಯನ್ನು ಗಟ್ಟಿ ಮುಚ್ಚಳದ ಒಂದು ಡಬ್ಬಿಗೆ ಹಾಕಿಡುತ್ತಿದ್ದಳು. ಡಬ್ಬಿ ತುಂಬಿದ ಮೇಲೆ ಅದನ್ನು ಹಾಗೆಯೇ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದಳು.

"ಅಕ್ಕಾ, ಇವು ಇದ್ದ ಡಬ್ಬಿ ಎಲ್ಲಿ?"

"ಬರೇ ಸೂಜಿ ಇದ್ವಪಾ ಅದರಾಗ. ಡಬ್ಬಿ ಛಲೋ ಅದ ಅಂತ ಸುರುವಿ, ತೊಳದ ಬಿಸಲಿಗಿಟ್ಟೇನಿ. ಊರಿಗೆ ಒಯ್ದ್ರ ಉಪ್ಪಿನಕಾಯಿಗೆ ಆಗ್ತದ."

ಒಂದು ಸೂಜಿ ಎತ್ತಿ ತೋರಿಸಿದೆ. ಮಾವಶಿಯ ಅಂಗೈಯ ಹೊಲಿಗೆಯ ಕಥೆ ಹೇಳಿದೆ. ಅಕ್ಕ ಸೀರೆ ಎತ್ತಿ ಕಟ್ಟಿ, ಅಡುಗೆಮನೆಯಿಂದ ಇಕ್ಕಳ ತಂದು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. "ನೀ ಸರಿ. ನಿನ್ನ ಕಣ್ಣ ನೀರಾಗೇವ, ಚುಚ್ಚಿಸಿಕೋತಿ," ಎಂದು ಒಂದೊಂದಾಗಿ ಹೆಕ್ಕಿದಳು. ಸೂಜಿಗಳೆಲ್ಲ ಮತ್ತೆ ಅದೇ ಡಬ್ಬಿಗೆ ಹೋದವು. ಸುತ್ತಿದ ಮೇಲೆ ಗುರುತು ಹಾಕಲು ಕೆಂಪು ಪೆನ್ನು ಸಿಗಲಿಲ್ಲ. ಅಕ್ಕ ಕನ್ನಡಿಯ ಹತ್ತಿರ ಹೋಗಿ ನನ್ನ ಹೆಂಡತಿಯ ಕುಂಕುಮದ ಭರಣಿ ತಂದಳು. ಅದನ್ನು ಏನು ಮಾಡಬೇಕೆಂದು ನಾಲ್ಕು ದಿನದಿಂದ ನಮಗಿಬ್ಬರಿಗೂ ತೋಚಿರಲಿಲ್ಲ. ನೀರಿನಲ್ಲಿ ಕಲಸಿ, ಕಾಗದದ ಮೇಲೆ ದೊಡ್ಡದಾಗಿ ಒಂದು ಬೊಟ್ಟು ಇಟ್ಟಳು.

ಮರುದಿನ ಬೆಳಿಗ್ಗೆ ಮಾವಶಿ ಮೇಲಿನ ಮಾಳಿಗೆ ಮುಗಿಸಿ ನಮ್ಮ ಬಾಗಿಲಿಗೆ ಬಂದಳು. ನಾನು ಒಳಗೆ ನಿಂತಿದ್ದೆ. ಎರಡೂ ಬಕೆಟ್ಟುಗಳ ಮುಚ್ಚಳ ತೆಗೆದು ಕೋಲಿನಿಂದ ಕೆದಕಿ ನೋಡಿದಳು. ಎಲ್ಲರ ಮನೆಯದನ್ನೂ ಹಾಗೆಯೇ ನೋಡುತ್ತಾಳೆ. ಕುಂಕುಮದ ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿ ಬೇರೆ ಚೀಲದಲ್ಲಿಟ್ಟುಕೊಂಡಳು.

"ಬರೋಬರಿ ಐತ್ರಿ ಕಾಕಾ," ಎಂದು ಕೆಳಗಿಳಿದಳು.

ಸ್ವಲ್ಪ ಹೊತ್ತಿಗೆ ಮೊದಲನೆಯ ಮಾಳಿಗೆಯಿಂದ ಚೇರ್ಮನ್ನರ ದನಿ ಕೇಳಿಸಿತು. ಪಾಹುಣೇ ಆಲೇ ಹೋತೇ, ಘಾಈ ಹೋತೀ ಎಂದು ಏನೋ ಹೇಳುತ್ತಿದ್ದರು. ಅದರ ಮೇಲೆ ಮಾವಶಿಯ ದನಿ, ಗಟ್ಟಿಯಾಗಿ, ಎಲ್ಲ ಮಾಳಿಗೆಗೂ ಕೇಳುವಂತೆ. ಅಕ್ಕನಿಗೆ ಮರಾಠಿ ಅರ್ಥವಾಗಲಿಲ್ಲ.

"ಏನಂದ್ಳೋ?"

"ಮನಿಗೆ ಪಾವಣೇರು ಬಂದಿದ್ರು, ಗಡಬಡಿ ಇತ್ತು, ಇವತ್ತ ಕೂಡಿದ್ದ ಒಯ್ಯು ಅಂದ್ರು ಅವ್ರು. ಮ್ಯಾಲಿನ ಸೂತಕದ ಮನಿಯವ್ರ ಬ್ಯಾರೆ ಮಾಡಿ ಕೊಟ್ಟಾರ, ನಿಮ್ಮ ಪಾವಣೇರೇನ ಅವರಕಿಂತ ದೊಡ್ಡವ್ರೇನ್ರಿ ಸಾಹೇಬ್ರ, ಅಂದ್ಳು ಈಕಿ."

ಅಕ್ಕ ಒಮ್ಮೆಲೇ ಜೋರಾಗಿ ನಕ್ಕುಬಿಟ್ಟಳು. ಸೂತಕದ ಮನೆಯಲ್ಲಿ ಹಾಗೆ ನಗಬಾರದೆಂದು ಅವಳಿಗೆ ನೆನಪಾಗುವುದರೊಳಗೆ, ಕೆಳಗೆ ಚೇರ್ಮನ್ನರು ತಮ್ಮ ಚೀಲವನ್ನು ಒಳಕ್ಕೆ ಎಳೆದುಕೊಂಡ ಸದ್ದು ಕೇಳಿಸಿತು.