ಊರಿಗೆಲ್ಲ ಮಾಮ
ನಂಜನಗೂಡಿನ ಫ್ಯಾಕ್ಟರಿಗಳ ಪಕ್ಕ ಬಾಡಿಗೆ ಮನೆಗಳ ಸಾಲು ಕಟ್ಟಿಸಿರುವ ಪುಟ್ಟಮಾದಪ್ಪನವರಿಗೆ ‘ಮಾಮ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ತಲೆ ಗಿರ್ರೆನ್ನುತ್ತದೆ. ಬಾಡಿಗೆಗೆ ಬಂದ ಬಿಹಾರದ ಹುಡುಗ ‘ಮಾಮಾಜಿ’ ಎಂದಾಗ ಗಾಬರಿಯಾಗಿ ಮಗಳು ಶಿವರಂಜನಿಯನ್ನು ಒಳಕ್ಕೆ ಕಳಿಸಿದರು. ಅವನ ಊರಲ್ಲಿ ಮಾಮನ ಮಗಳೆಂದರೆ ತಂಗಿ ಎಂದು ತಿಳಿದ ಮೇಲೆ ಕರೆದು ಟೀ ಕೊಟ್ಟರು. ಅದೇ ಧೈರ್ಯದಲ್ಲಿ ಸೇಲಂನವನ ‘ಮಾಮಾ’ಗೂ ಓಗೊಟ್ಟರೆ, ಅವನ ಕಡೆಯೂ ಇಲ್ಲಿಯ ಹಾಗೇ ಮಾಮನ ಮಗಳೆಂದರೆ ಮದುವೆಯಾಗುವ ಹೆಣ್ಣಂತೆ! ಮೂರನೇ ಮನೆಯ ಕಾನ್ವೆಂಟ್ ಕೂಸು ‘ಮಮ್ಮಾ’ ಎಂದು ತಾಯಿಯನ್ನು ಕೂಗಿದರೂ ಇವರೇ “ಬಂದೆ ಕಣ್ಲಾ” ಎಂದು ಏಳುತ್ತಾರೆ. “ಯಾವನು ಏನಂದ್ಕಂಡು ಮಾಮ ಅಂತಾನೋ ಒಂದೂ ಗೊತ್ತಾಯ್ತಿಲ್ಲ ಕಣಮ್ಮಿ” ಎಂದು ಹೆಂಡತಿಯ ಮುಂದೆ ಗೊಣಗುತ್ತಾರೆ. ಗೊಣಗುತ್ತಲೇ ಒಬ್ಬನಿಗೆ ಬಲ್ಬು ಹಾಕಿಕೊಡುತ್ತಾರೆ, ಜ್ವರ ಬಂದವನಿಗೆ ಗಂಜಿ ಕಳಿಸುತ್ತಾರೆ. ಆದರೆ ಬಿಳಿಗೆರೆಯಿಂದ ನೀರಿನ ಕ್ಯಾನ್ ತರುವ ನಂಜೇಶನ ಗಾಡಿ ಸದ್ದಾದರೆ ಗೊಣಗಾಟ ನಿಂತುಹೋಗುತ್ತದೆ. ಹೆಗಲ ಟವಲು ಸರಿಮಾಡಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. ನಂಜೇಶ ಅವರ ಒಡಹುಟ್ಟಿದ ಅಕ್ಕನ ಮಗ. ಶಿವರಂಜನಿಯನ್ನು ತನಗೆ ಕೊಡದೆ ಹೊರಗಿನ ಸಂಬಂಧಕ್ಕೆ ಮಾತು ಕೊಟ್ಟಾಗಿನಿಂದ ಅವನು ಕ್ಯಾನ್ ಇಳಿಸಿ, ತಲೆ ಎತ್ತದೆ, “ಬತ್ತೀನಿ ಸಾ” ಎನ್ನುತ್ತಾನೆ.