ಆಯುಧಪೂಜೆಗೆ ಕರೆಯದ ತಂಗಿ

ಹೋದ ವರ್ಷ ಆಯುಧಪೂಜೆಗೆ ನಾನು ತಂಗಿಯನ್ನು ಕರೆಯಲಿಲ್ಲ. ಸುಮ್ಮನಿದ್ದಿದ್ದರೂ ಆಗುತ್ತಿತ್ತು; "ಈ ಸಲ ಶೆಡ್ಡಲ್ಲಿ ಪೂಜೆ ಇಲ್ಲಮ್ಮ" ಎಂದು ಫೋನಿನಲ್ಲಿ ಸುಳ್ಳು ಬೇರೆ ಹೇಳಿದೆ.

ಪೀಣ್ಯದಲ್ಲಿ ನಾನು ಕೆಲಸ ಮಾಡುವ ಶೆಡ್ಡಿಗೆ ಪೂಜೆಯ ದಿನ ಎಲ್ಲರ ಮನೆಯವರೂ ಬರುತ್ತಾರೆ. ಅವರವರ ಮಷೀನಿಗೆ ಅವರವರ ಮನೆಯ ಹೆಣ್ಣುಮಕ್ಕಳೇ ಕುಂಕುಮ ಇಡುವುದು ನಮ್ಮಲ್ಲಿ ರೂಢಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಬ್ಬಿಣ ಕಡೆಯುವ ಲೇತ್ ಹಿಡಿದವನು. ನನ್ನ ಲೇತಿಗೆ ಮೊದಲಿನಿಂದಲೂ ಕುಂಕುಮ ಇಡುತ್ತಿದ್ದವಳು ತಂಗಿ. ಕಾಲೇಜಿಗೆ ಹೋಗುವಾಗಲೂ ಬಂದಳು, ವಿಶ್ವವಿದ್ಯಾಲಯದಲ್ಲಿ ಕೆರೆ ನೀರಿನ ಸಂಶೋಧನೆ ಮಾಡುವ ಮೇಡಂ ಆದಮೇಲೂ ಬಂದಳು.

ಅವಳ ತಂಡದ ಸಂಶೋಧನೆಗೆ ಬರುತ್ತಿದ್ದ ಕೇಂದ್ರ ಸರ್ಕಾರದ ಅನುದಾನ ಹೋದ ವರ್ಷ ನಿಂತಿತು. ತಮ್ಮ ಒಪ್ಪಿಗೆಯಿಲ್ಲದೆ ಕೆರೆ ನೀರಿನ ವರದಿ ಹೊರಗೆ ಬಿಡಕೂಡದು ಎಂದು ದೆಹಲಿಯವರು ಹೇಳಿದ್ದರಂತೆ. ಒಪ್ಪದಿದ್ದಕ್ಕೇ ಅವರು ದುಡ್ಡು ನಿಲ್ಲಿಸಿದ್ದು; ಅದರ ಮೇಲೆ ವಿಶ್ವವಿದ್ಯಾಲಯ ಹೈಕೋರ್ಟಿಗೆ ಹೋಯಿತು. ಸಂಶೋಧಕರ ಪರವಾಗಿ ಅಫಿಡವಿಟ್‌ಗೆ ಸಹಿ ಹಾಕಿದವಳು ನನ್ನ ತಂಗಿ. ಟಿವಿಯಲ್ಲೂ ಅವಳ ಮುಖ ಬಂತು.

ಮಾರನೆಯ ದಿನ ಟೀ ಹೊತ್ತಿಗೆ ಪಕ್ಕದ ಮಷೀನಿನವನು ಶುರುಮಾಡಿದ.

"ಏನ್ ಗುರು, ನಿನ್ ತಂಗಿ ಸೆಂಟ್ರಲ್ ಗೌರ್ಮೆಂಟ್ ಮೇಲೇ ಕೇಸ್ ಹಾಕವ್ಳಂತೆ? ಓನರ್‌ಗೆ ಬರೋ ಗೌರ್ಮೆಂಟ್ ಆರ್ಡರ್ ಗೋವಿಂದ ಬಿಡು!"

ಎಲ್ಲರೂ ನಕ್ಕರು. "ಅವ್ಳ್ ದಾರಿ ಅವ್ಳ್ದು ಕಣೋ, ನಂಗೇನ್ ಸಂಬಂಧ?" ಎಂದುಬಿಟ್ಟೆ. ಒಳಗಿದ್ದ ಓನರ್ ಕಿವಿಗೂ ಬೀಳಲೆಂದು ಗಟ್ಟಿಯಾಗಿಯೇ ಹೇಳಿದೆ.

ಪೂಜೆಯ ದಿನ ಅವಳು ಹಬ್ಬಕ್ಕೆಂದು ಚಿಕ್ಕಬಾಣಾವರದ ನಮ್ಮ ಮನೆಗೆ ಹೊರಟವಳು ಶೆಡ್ಡಿನ ಮುಂದೆಯೇ ಹಾದುಹೋದಳು. ಗೇಟಿಗೆ ಬಾಳೆಕಂಬ, ರಸ್ತೆಯಲ್ಲಿ ಒಡೆದ ಬೂದುಗುಂಬಳ, ಕಡಲೆಪುರಿ ಮುಕ್ಕುವ ಮಕ್ಕಳು, ಅವರ ನಡುವೆ ನಾನು. ಅವಳು ನೋಡಿದಳು, ಗಾಡಿ ನಿಲ್ಲಿಸಲಿಲ್ಲ. ಮನೆಯಲ್ಲೂ ಏನೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತೀರ್ಪಿನ ದಿನ ರಜೆ ಹಾಕಿ ಕೋರ್ಟಿಗೆ ಹೋದೆ. ಇಂಗ್ಲಿಷ್ ನನಗೆ ಬಾರದು. ಜಡ್ಜ್ ಓದಿ ಮುಗಿಸುವವರೆಗೂ ತಂಗಿಯ ಮುಖವನ್ನೇ ನೋಡುತ್ತಾ ನಿಂತಿದ್ದೆ. ಅದು ಅರಳಿತು.

"ಗೆದ್ವಿ ಕಣಣ್ಣ! ಅನುದಾನ ಹಂಗೆಲ್ಲ ನಿಲ್ಸಂಗಿಲ್ವಂತೆ. ವರದಿನೂ ನಾವೇ ಹೊರಗ್ ಬಿಡ್ಬೋದಂತೆ."

ಎದೆಯುಬ್ಬಿತು. ನಮ್ಮ ಮನೆಯ ಹುಡುಗಿ ಬರೆದುಕೊಟ್ಟ ಮಾತಿಗೆ ದೆಹಲಿಯಿಂದ ಬಂದ ವಕೀಲರು ಉತ್ತರ ಹುಡುಕಬೇಕಾಗಿ ಬಂದಿತ್ತು.

ಹೊರಗೆ ವರಾಂಡದಲ್ಲಿ ಅವಳು ನನ್ನ ಕೈಹಿಡಿದು ಕುಲಪತಿಗಳ ಮುಂದೆ ನಿಲ್ಲಿಸಿದಳು. "ಸಾರ್, ಇವ್ರು ನಮ್ಮಣ್ಣ. ಪೀಣ್ಯದಲ್ಲಿ ಲೇತ್ ಕೆಲ್ಸ. ನನ್ನ ಓದ್ಸಿದ್ದು ಇವ್ರೇ."

ಅಷ್ಟು ದೊಡ್ಡವರು ನನಗೆ ಕೈಮುಗಿದರು. ನನ್ನಿಂದ ತಡೆಯಲಾಗಲಿಲ್ಲ.

"ಇವ್ರ ಮುಂದೇನೇ ಏಳ್ಬಿಡ್ತೀನಿ ಕಣಮ್ಮ. ಪೂಜೆಗ್ ನೀನ್ ಬಂದ್ರೆ ನನ್ ಕೆಲ್ಸ ಓಯ್ತದೆ ಅಂತ ಎದ್ರಿ ಸುಳ್ಳೇಳ್ದೆ. ನನ್ ತಂಗಿ ಅಂತ ಏಳ್ಕೊಳ್ಳೋಕೂ ಧೈರ್ಯ ಆಗ್ಲಿಲ್ಲ. ತಪ್ಪಾಯ್ತು, ಕ್ಷಮಿಸ್ಬಿಡು."