ಇದ್ದಲಿಯ ಗೆರೆ ಎಳೆದ ತತ್ತಿಗಳು

ಅವ್ವ ಕೋಳಿಯನ್ನು ಕಾವಿಗೆ ಕೂರಿಸಿದ ದಿನವೇ ನಿಜಾಮರ ಕಾಲದ ನಮ್ಮ ಶಾಲೆಯ ಉರ್ದು ಪಾಠಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಬರೆದುಕೊಂಡಿದ್ದೆ: ಒಂಬತ್ತು ತತ್ತಿ, ಇಪ್ಪತ್ತೊಂದು ದಿನ. ಬೇರೆ ತತ್ತಿ ಬೆರೆಯದಿರಲೆಂದು ಅವಳು ಒಂದೊಂದಕ್ಕೂ ಇದ್ದಲಿಯಿಂದ ಗೆರೆ ಎಳೆದಿದ್ದಳು. ಮೂರನೇ ದಿನ ಅವ್ವ ಜ್ವರದಲ್ಲಿ ತೀರಿಕೊಂಡಳು.

ಕಾವಿನ ಹದಿನಾಲ್ಕನೇ ದಿನ ಸೂತಕ ಕಳೆಯಿತು. ಯಲಬುರ್ಗಾದಿಂದ ಬಂದಿದ್ದ ಅತ್ತೆ ಕುಷ್ಟಗಿಯ ನಮ್ಮ ಮನೆಯನ್ನೆಲ್ಲ ಸಾರಿಸಿ, ಹಾಸಿಗೆ ಪಾತ್ರೆ ತೊಳೆಸಿದಳು. ಕೊನೆಗೆ ಮೂಲೆಯ ಬುಟ್ಟಿಯಲ್ಲಿ ಕೋಳಿ ಕಂಡಿತು. ಕೂತಲ್ಲೇ ಕೂತು ಅದರ ಹಿಂದಿನ ಪುಕ್ಕಕ್ಕೆಲ್ಲ ಹಿಕ್ಕೆ ಮೆತ್ತಿ ಗಟ್ಟಿಯಾಗಿತ್ತು.

"ಮನಿ ಎಲ್ಲಾ ಮಡಿ ಆತು, ಇದೊಂದು ಹೊಲಸ ಕುಂತೈತಿ ನೋಡವಾ. ತೊಳಿ," ಎಂದಳು.

ನಾನು ಬೆಚ್ಚನೆಯ ನೀರಿಗೆ ಅಂಟವಾಳ ಕಲಸಿ, ಒಂದೊಂದೇ ಪುಕ್ಕ ನೆನೆಸಿ, ಬೆರಳಿನಿಂದ ಬಿಡಿಸಿದೆ. ಅವ್ವ ನನ್ನ ತಲೆಗೆ ಎರೆಯುತ್ತಿದ್ದುದು ಹಾಗೆಯೇ. "ಕೋಳಿ ಮದುವಿ ಎಂದೈತಿ ಯವ್ವಾ?" ಎಂದು ಪಕ್ಕದ ಮನೆಯ ಅಜ್ಜಿ ನಗಿಸಲು ನೋಡಿದಳು. ಮೋಡ ಕವಿದು ಪುಕ್ಕ ಬೇಗ ಒಣಗಲಿಲ್ಲ. ಹಸಿ ಪುಕ್ಕ ತತ್ತಿಗೆ ತಾಗಬಾರದೆಂದು ಸಂಜೆಯವರೆಗೂ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಒರೆಸಿದೆ. ಬುಟ್ಟಿಗೆ ಬಿಡುವಾಗ ತತ್ತಿಗಳು ತಣ್ಣಗಿದ್ದವು.

ಇಪ್ಪತ್ತೊಂದು ಕಳೆಯಿತು, ಇಪ್ಪತ್ನಾಲ್ಕೂ ಕಳೆಯಿತು. ಅತ್ತೆ ಒಂದನ್ನು ಕಿವಿಯ ಬಳಿ ಅಲ್ಲಾಡಿಸಿದಳು. "ಕೆಟ್ಟಾವವಾ. ತೊಳಿ ಅಂದಾಕಿ ನಾನ. ನೀ ಅಳಬ್ಯಾಡ, ತಿಪ್ಪಿಗೆ ಒಗಿ."

ಎಂಟನ್ನು ಎಸೆದೆ. ಒಂಬತ್ತನೆಯದರ ಮೇಲೆ ಗೆರೆಯ ಪಕ್ಕದಲ್ಲಿ ಅವ್ವನ ಹೆಬ್ಬೆರಳಿನ ಮಸಿ ಉಳಿದಿತ್ತು. ಅದನ್ನು ಬುಟ್ಟಿಯಲ್ಲೇ ಬಿಟ್ಟೆ. ಪುಸ್ತಕದಲ್ಲಿ ಮರಿಗಳ ಲೆಕ್ಕಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ಏನೂ ಬರೆಯಲಿಲ್ಲ. ಕೋಳಿ ತೊಳೆದ ಬಿಳಿ ಪುಕ್ಕ ಅಗಲಿಸಿ ಮತ್ತೆ ಕಾವಿಗೆ ಕೂತಿತು.